ಜಾಡಿಯಲ್ಲಿ 50 ಹುಣಸೆ ಬೀಜ: ಅಂತರ್ಜಲದ ಆಟ ಅರಸೀಕೆರೆ, ಕಡೂರು ಸೀಮೆಗೆ ಒಗ್ಗುತ್ತದೆಯೇ?

ಗಾಜಿನ ಜಾಡಿ ಒಂದು, ಅದರೊಳಗೆ 50 ಹುಣಸೆ ಬೀಜ, ಸುತ್ತ ಐದು ಜನ ರೈತರು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಚೀಟಿ. ಅಂತರ್ಜಲದ ಆಟಕ್ಕೆ ಬೇಕಾದ ಸಾಮಾನು ಇಷ್ಟೇ. ನೋಡಿದವರಿಗೆ ಮಕ್ಕಳಾಟ ಅನ್ನಿಸುತ್ತದೆ. ಆದರೆ ಇದರ ಮೂಲ ಅರ್ಥಶಾಸ್ತ್ರದ ಪ್ರಯೋಗಗಳಲ್ಲಿದೆ. ಅಂತಾರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯೂ ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಎಂಬ ಸ್ವಯಂಸೇವಾ ಸಂಸ್ಥೆಯೂ ಸೇರಿ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಇಂಥ ಆಟ ಆಡಿಸಿದವು. 2016 ಮತ್ತು 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಟದ ಜೊತೆಗೆ ಊರಿನ ಚರ್ಚೆಯೂ ನಡೆದ ಕಡೆ, ನೀರಿನ ಲೆಕ್ಕದ ಪುಸ್ತಕ ಇಡುವುದು, ಬೋರ್‌ವೆಲ್ ಬಗ್ಗೆ ಕಟ್ಟುಪಾಡು ಮಾಡಿಕೊಳ್ಳುವುದು ಉಳಿದ ಊರುಗಳಿಗಿಂತ ಹೆಚ್ಚಾಗಿ ಕಂಡುಬಂತು. ಇಲ್ಲಿ ಪರಿಶೀಲಿಸುತ್ತಿರುವುದು ಆ ಮಾದರಿಯ ಸರಳ ರೂಪವನ್ನು. ರೈತ ಗುಂಪು, ಪಂಚಾಯಿತಿ ಅಥವಾ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ಯಾವುದೇ ಆಗಲಿ, ಒಂದು ಬೆಳಗ್ಗೆಯಲ್ಲಿ ಆಡಿಸಬಹುದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಆಡಿಸಲು ಯೋಗ್ಯ. ಆದರೆ ಬಂದ ರೂಪದಲ್ಲೇ ಆಡಿಸಿದರೆ ನಮ್ಮ ಬಯಲುಸೀಮೆಯ ಅರ್ಧ ಸತ್ಯ ಹೊರಗೇ ಉಳಿಯುತ್ತದೆ. ಮೂರು ಕಡೆ ತಿದ್ದಬೇಕು.

ನಿಯಮ ಹೀಗಿದೆ. ಪ್ರತಿ ಸುತ್ತು ಒಂದು ವರ್ಷ. ಪ್ರತಿಯೊಬ್ಬರೂ ಒಂದು ಚೀಟಿಯನ್ನು ಮಗುಚಿ ಇಡಬೇಕು. ರಾಗಿ ಚೀಟಿ ಇಟ್ಟವರಿಗೆ ಜಾಡಿಯಿಂದ 1 ಬೀಜ ಹೋಗುತ್ತದೆ, 2 ರೂಪಾಯಿ ಬರುತ್ತದೆ. ಶುಂಠಿ ಚೀಟಿಗೆ 3 ಬೀಜ ಹೋಗಿ 5 ರೂಪಾಯಿ ಬರುತ್ತದೆ. ವರ್ಷದ ಕೊನೆಗೆ ಮಳೆಯ ಲೆಕ್ಕದಲ್ಲಿ 5 ಬೀಜ ವಾಪಸ್ ಹಾಕಬೇಕು, ಜಾಡಿ ಮಾತ್ರ 50 ದಾಟಬಾರದು. ಆ ವರ್ಷದ ಬೇಡಿಕೆಗೆ ಬೀಜ ಸಾಲದೆ ಹೋದರೆ ಆಟ ಅಲ್ಲಿಗೇ ಮುಗಿಯಿತು.

ಐವರೂ ಶುಂಠಿ ಹಾಕಿದರೆ ವರ್ಷಕ್ಕೆ 15 ಬೀಜ ಖರ್ಚು, 5 ಜಮಾ. 50, 40, 30, 20, 10. ಐದನೇ ವರ್ಷ 15 ಬೇಕು, ಇರುವುದು 10. ತಲಾ 20 ರೂಪಾಯಿಗೆ ಕಥೆ ಮುಗಿಯಿತು. ಐವರೂ ರಾಗಿ ಹಾಕಿದರೆ ಹೋದಷ್ಟೇ ಬರುತ್ತದೆ. ಹತ್ತು ವರ್ಷಕ್ಕೆ ತಲಾ 20 ರೂಪಾಯಿ, ಜಾಡಿ ತುಂಬಿಯೇ ಇರುತ್ತದೆ. ವರ್ಷಕ್ಕೆ ಇಬ್ಬರಂತೆ ಸರದಿಯಲ್ಲಿ ಶುಂಠಿ ಹಾಕಿದರೆ ಖರ್ಚು 9, ಜಮಾ 5. ಹತ್ತು ವರ್ಷವೂ ಆಟ ನಡೆಯುತ್ತದೆ, ತಲಾ 32 ರೂಪಾಯಿ ಸಿಗುತ್ತದೆ. ಚುರುಕಾದ ಗುಂಪು ಎರಡನೇ ಆಟದಲ್ಲೇ ಈ ಸರದಿಯ ದಾರಿ ಕಂಡುಹಿಡಿಯುತ್ತದೆ, ಆಡಿಸುವವರು ಚಪ್ಪಾಳೆ ತಟ್ಟುತ್ತಾರೆ.

ಚಪ್ಪಾಳೆಗೆ ಮುಂಚೆ ಜಾಡಿ ನೋಡಬೇಕು. ಸರದಿಯ ಆಟದ ಕೊನೆಗೆ ಉಳಿದಿರುವುದು 10 ಬೀಜ. ರಾಗಿಯವರ ಜಾಡಿಯಲ್ಲಿ 50. ಸರದಿಯವರು ಒಟ್ಟು 60 ರೂಪಾಯಿ ಹೆಚ್ಚಿಗೆ ಗಳಿಸಿದ್ದಾರೆ, ಅದಕ್ಕೆ 40 ಬೀಜ ಕರಗಿಸಿದ್ದಾರೆ. ಬೀಜಕ್ಕೆ ಒಂದೂವರೆ ರೂಪಾಯಿಯಂತೆ ಮಾರಿದ ಹಾಗಾಯಿತು. ಅದು ಬೆಳೆಯ ಲಾಭವಲ್ಲ, ಅಜ್ಜನ ಗಂಟು ಒಡೆದದ್ದು. ಮೊದಲ ದೋಷ ಇದು: ಆಟ ಜೇಬನ್ನು ಎಣಿಸುತ್ತದೆ, ಜಾಡಿಯನ್ನು ಎಣಿಸುವುದಿಲ್ಲ. ದೇಶಗಳ ಜಿಡಿಪಿ ಲೆಕ್ಕಕ್ಕೂ ಇದೇ ರೋಗ. 2021ರಲ್ಲಿ ಬಂದ ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ ಅವರ ವರದಿಯ ಮುಖ್ಯ ತಕರಾರೂ ಇದೇ, ವರ್ಷದ ವರಮಾನ ಬರೆದುಕೊಳ್ಳುತ್ತೇವೆ, ಕರಗಿದ ನಿಸರ್ಗದ ಆಸ್ತಿಯನ್ನು ಬರೆಯುವುದಿಲ್ಲ ಎಂಬುದು.

ತಿದ್ದುವುದು ಸುಲಭ. ಆಟ ಮುಗಿದಾಗ ಜಾಡಿಯಲ್ಲಿ ಉಳಿದ ಪ್ರತಿ ಬೀಜಕ್ಕೆ 2 ರೂಪಾಯಿ ಎಂದು ಮೊದಲೇ ಸಾರಿ, ಆ ಹಣವನ್ನು ಐವರಿಗೂ ಸಮನಾಗಿ ಹಂಚಬೇಕು. ಈಗ ರಾಗಿ ಗುಂಪಿನ ಒಟ್ಟು ಗಳಿಕೆ 100 ಜೊತೆಗೆ 100, ಅಂದರೆ 200. ಸರದಿ ಗುಂಪಿನದು 160 ಜೊತೆಗೆ 20, ಅಂದರೆ 180. ತಕ್ಕಡಿ ತಿರುಗಿತು. ಒಂದೂವರೆ ರೂಪಾಯಿ ಇಟ್ಟಿದ್ದರೆ ಎರಡೂ 175ಕ್ಕೆ ಸರಿಸಮ ನಿಲ್ಲುತ್ತಿದ್ದವು. ಅದಕ್ಕಿಂತ ಕಡಿಮೆ ಇಟ್ಟರೆ ಶುಂಠಿಯ ಕಡೆಗೇ ವಾಲುತ್ತದೆ. ಉಳಿಕೆಯ ಬೆಲೆ ಎಷ್ಟಿಡಬೇಕು ಎಂಬ ಜಗಳ ಆಟಗಾರರ ನಡುವೆಯೇ ಎದ್ದರೆ ತಡೆಯಬೇಡಿ. ಪರಿಸರಕ್ಕೆ ಬೆಲೆ ಕಟ್ಟುವುದು ಎಂದರೆ ಕೊನೆಗೂ ಅದೇ ಜಗಳ.

ಬೆಲೆ ಕಟ್ಟಿದ ಮಾತ್ರಕ್ಕೆ ಎಲ್ಲರೂ ರಾಗಿ ಹಾಕಿಬಿಡುತ್ತಾರೆಯೇ? ಇಲ್ಲ, ಆಟದ ತಿರುಳು ಇರುವುದೇ ಅಲ್ಲಿ. ಒಬ್ಬ ರಾಗಿ ಬಿಟ್ಟು ಶುಂಠಿ ಹಾಕಿದರೆ ಅವನ ಜೇಬಿಗೆ 3 ರೂಪಾಯಿ ಹೆಚ್ಚು. ಜಾಡಿಗೆ 2 ಬೀಜ, ಅಂದರೆ 4 ರೂಪಾಯಿ ನಷ್ಟ. ಅದರಲ್ಲಿ ಅವನ ಪಾಲು 80 ಪೈಸೆ. ಮಿಕ್ಕ 3 ರೂಪಾಯಿ 20 ಪೈಸೆ ಹೋಗುವುದು ಬೇರೆ ನಾಲ್ವರ ಜೇಬಿನಿಂದ. ಊರಿಗೆ 1 ರೂಪಾಯಿ ಲುಕ್ಸಾನು, ಅವನಿಗೆ 2 ರೂಪಾಯಿ 20 ಪೈಸೆ ಫಾಯಿದೆ. ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನಿದ್ದರೆ ಸಾಕು, ಭಾಷಣ ಬೇಡ.

ಜಾಡಿ ಬತ್ತಿದಾಗ ಆಟ ನಿಲ್ಲಿಸುವ ನಿಯಮದ ಬಗ್ಗೆ ಒಂದು ಎಚ್ಚರಿಕೆ. ‘ಪಾಪ, ಮುಂದುವರಿಯಲಿ’ ಎಂದು ಕೆಲವರು ಸಡಿಲ ಬಿಡುತ್ತಾರೆ. ಹಾಗೆ ಬಿಟ್ಟು, ಇದ್ದಷ್ಟು ಬೀಜವನ್ನು ಚೀಟಿ ಎತ್ತಿ ಹಂಚುತ್ತಾ ಹೋದರೆ, ಮೊದಲಿಂದಲೂ ಶುಂಠಿಯನ್ನೇ ಹಾಕಿದ ಗುಂಪು ಹತ್ತು ವರ್ಷಕ್ಕೆ ತಲಾ 31 ರೂಪಾಯಿ ಮಾಡಿಕೊಳ್ಳುತ್ತದೆ. ಸರದಿಯವರ 32ಕ್ಕೂ ಇದಕ್ಕೂ ಒಂದೇ ರೂಪಾಯಿ ಅಂತರ. ಎತ್ತಿದವನೇ ಜಾಣ ಎಂಬ ಪಾಠ ಕಲಿತು ಎದ್ದು ಹೋಗುತ್ತಾರೆ. ಮುಂದುವರಿಸಲೇಬೇಕೆಂದರೆ ನಮ್ಮ ಕಡೆ ನಡೆಯುವುದನ್ನೇ ನಿಯಮ ಮಾಡಿ: ಜಾಡಿ ಸಾಲದಾದ ಮೇಲೆ ನೀರು ಬೇಕಾದವನು 8 ರೂಪಾಯಿ ಕೊಟ್ಟು ಹೊಸ ಬೋರು ಕೊರೆಸಬೇಕು, ದಾಳ ಹಾಕಿದಾಗ 4, 5 ಅಥವಾ 6 ಬಿದ್ದರೆ ಮಾತ್ರ ನೀರು. ಪಾಯಿಂಟ್ ಮಾಡಿಸಿ, ಕೇಸಿಂಗ್ ಇಳಿಸಿ, ಕೊನೆಗೆ ಧೂಳು ಎದ್ದದ್ದನ್ನು ನೋಡಿದ ಯಾರಿಗೂ ಈ ನಿಯಮ ವಿವರಿಸುವ ಅಗತ್ಯ ಬೀಳುವುದಿಲ್ಲ.

ಎರಡನೇ ದೋಷ ದೊಡ್ಡದು. ಆಟದಲ್ಲಿ ಪ್ರತಿ ವರ್ಷ ಬೆಳೆ ಬದಲಿಸಬಹುದು. ಶುಂಠಿ, ಆಲೂಗೆಡ್ಡೆ, ಜೋಳಕ್ಕೆ ಅದು ಸರಿ. ಅರಸೀಕೆರೆಯ ತೆಂಗಿಗೆ, ಕಡೂರಿನ ಅಡಿಕೆಗೆ ಸರಿಯಲ್ಲ. ಗಿಡ ನೆಟ್ಟವನು ಈ ವರ್ಷ ಮಳೆ ಕೈಕೊಟ್ಟಿತು ಎಂದು ತೋಟವನ್ನು ಮಡಚಿ ಅಟ್ಟಕ್ಕೆ ಹಾಕಲಾಗುವುದಿಲ್ಲ. ಟ್ಯಾಂಕರಿನಲ್ಲಾದರೂ ನೀರು ಹೊಡೆಸಿ ಉಳಿಸಿಕೊಳ್ಳುತ್ತಾನೆ. ಆದ್ದರಿಂದ ಮೂರನೇ ಚೀಟಿಯೊಂದು ಬೇಕು, ಅಡಿಕೆ ಚೀಟಿ. ಒಮ್ಮೆ ಇಟ್ಟರೆ ವಾಪಸ್ ತೆಗೆಯುವಂತಿಲ್ಲ. ವರ್ಷಕ್ಕೆ 3 ಬೀಜ. ಮೊದಲ ನಾಲ್ಕು ವರ್ಷ ಆದಾಯ ಸೊನ್ನೆ, ಐದನೇ ವರ್ಷದಿಂದ 9 ರೂಪಾಯಿ. ಒಂದು ವರ್ಷ ನೀರು ತಪ್ಪಿದರೆ ತೋಟ ಹೋಯಿತು. ಹತ್ತು ವರ್ಷ ಪೂರ್ತಿ ನಡೆದರೆ 54 ರೂಪಾಯಿ, ಶುಂಠಿಯ 50ಕ್ಕಿಂತ ಮೇಲು. ಆಸೆ ಹುಟ್ಟಿಸಲು ಅಷ್ಟು ಸಾಕು.

ಐವರೂ ಮೊದಲ ವರ್ಷವೇ ಅಡಿಕೆ ಚೀಟಿ ಇಟ್ಟರೆ ಏನಾಗುತ್ತದೆ ನೋಡಿ. ಖರ್ಚು ಶುಂಠಿಯಷ್ಟೇ, ವರ್ಷಕ್ಕೆ 15. ಜಾಡಿ ಸೋಲುವುದು ಐದನೇ ವರ್ಷ. ಮೊದಲ ಗೊನೆ ಇಳಿಸಬೇಕಾದ ವರ್ಷವೇ ನೀರಿಲ್ಲ. ನಾಲ್ಕು ವರ್ಷ ಬರಿಗೈ, ಐದನೇ ವರ್ಷ ಮೂರು ತೋಟಕ್ಕೆ ಮಾತ್ರ 9 ಬೀಜ. ಅಡಿಕೆ ಚೀಟಿ ಸೇರಿಸಿದ ಮೇಲೆ ಆಟದ ಸದ್ದೇ ಬದಲಾಗುತ್ತದೆ. ಅಲ್ಲಿಯವರೆಗಿನ ನಗು ಇರುವುದಿಲ್ಲ. ತೋಟ ಇರುವವರ ಮುಂದೆ ಇದನ್ನು ಆಡಿಸುವಾಗ ನಾಲಗೆ ಹದ್ದುಬಸ್ತಿನಲ್ಲಿರಲಿ. ‘ನೋಡಿದ್ರಾ ಗೌಡ್ರೇ, ನಾವು ಹೇಳಿರಲಿಲ್ವಾ’ ಎಂಬ ಧಾಟಿ ಬಂದರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ.

ಮೂರನೆಯದು ಕಲ್ಲಿನ ಪ್ರಶ್ನೆ. ಒಂದೇ ಜಾಡಿಯಿಂದ ಎಲ್ಲರೂ ಎತ್ತುತ್ತೇವೆ ಎಂಬುದು ಆಟದ ಬುನಾದಿ. ನಮ್ಮಲ್ಲಿ ನೆಲದಡಿ ಇರುವುದು ಗಟ್ಟಿ ಶಿಲೆ. ಮೇಲಿನ ಶಿಥಿಲ ಪದರದಲ್ಲೂ ಅದರ ಕೆಳಗಿನ ಬಿರುಕುಗಳಲ್ಲೂ ನೀರಿರುತ್ತದೆ. ಪಕ್ಕದ ಹೊಲದ ಬೋರು ಬತ್ತಿದರೂ ನಮ್ಮದು ಬತ್ತದೆ ಇರಬಹುದು, ದೂರದ ಯಾವುದೋ ಬೋರಿಗೆ ಮೋಟಾರು ಹಾಕಿದಾಗ ನಮ್ಮ ನೀರು ಇಳಿಯಬಹುದು. ‘ನಮ್ದು ಬೇರೆ ಸೆಲೆ ಕಣಣ್ಣ’ ಎಂಬ ಮಾತು ಬಂದೇ ಬರುತ್ತದೆ, ಅದು ಕುತರ್ಕವಲ್ಲ. ಅದಕ್ಕೆ ಜಾಡಿಯನ್ನು ಎರಡು ಮಾಡಬಹುದು, 30 ಮತ್ತು 20 ಬೀಜದವು. ಮೂವರು ಒಂದರಿಂದ, ಇಬ್ಬರು ಇನ್ನೊಂದರಿಂದ ಎತ್ತಲಿ, ಯಾರು ಯಾವುದರಿಂದ ಎಂಬುದು ಪರದೆಯ ಹಿಂದಿರುವ ಆಡಿಸುವವರಿಗೆ ಮಾತ್ರ ಗೊತ್ತಿರಲಿ. ಆಟ ನಿಧಾನವಾಗುತ್ತದೆ, ಗೊಂದಲವೂ ಹೆಚ್ಚು. ಮೊದಲ ಸಲಕ್ಕೆ ಒಂದೇ ಜಾಡಿ ಇರಲಿ, ಸೆಲೆಯ ಮಾತೆತ್ತಿದ ಊರಿಗೆ ಮಾತ್ರ ಎರಡನೇ ಜಾಡಿ.

ಮಳೆಗೆ ಪ್ರತಿ ವರ್ಷ ಐದೇ ಬೀಜ ಎಂಬುದನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ದಾಳ ಬಳಸಿ: 1 ಬಿದ್ದರೆ 2 ಬೀಜ, 2ಕ್ಕೆ 3, 3 ಮತ್ತು 4ಕ್ಕೆ 5, 5ಕ್ಕೆ 7, 6ಕ್ಕೆ 8. ಸರಾಸರಿ ಐದೇ ಉಳಿಯುತ್ತದೆ. ಶುಂಠಿ ಬೆಲೆ ಏರಿಳಿಯುತ್ತದಲ್ಲ, ಅದಕ್ಕೂ ಒಂದು ದಾಳ ಇಡೋಣ ಎಂಬ ಸಲಹೆ ಬರುತ್ತದೆ. ಬೇಡ. ಎರಡು ದಾಳ ಬಂದರೆ ಜನ ಲೆಕ್ಕ ಬಿಟ್ಟು ಜೂಜಿಗೆ ಕೂರುತ್ತಾರೆ.

ಆಡಿಸುವ ಕ್ರಮ ಮೂರು ಹಂತದ್ದು. ಮೊದಲು ಮಾತಿಲ್ಲದೆ, ಆಮೇಲೆ ಪ್ರತಿ ಸುತ್ತಿಗೂ ಮುಂಚೆ ಎರಡು ನಿಮಿಷ ಮಾತಾಡಿಕೊಂಡು, ಕೊನೆಗೆ ಗುಂಪೇ ಮಾಡಿದ ಕಟ್ಟುಪಾಡಿನೊಂದಿಗೆ. ಎರಡನೇ ಹಂತವನ್ನು ಹಾರಿಸಲೇಬಾರದು. ಒಪ್ಪಂದ ಮುರಿದವನನ್ನು ಕೇಳುವವರು ಇಲ್ಲದಿದ್ದಾಗಲೂ, ಬರೀ ಮಾತುಕತೆಗೆ ಅವಕಾಶ ಕೊಟ್ಟರೆ ಗುಂಪಿನ ಗಳಿಕೆ ಏರುತ್ತದೆ ಎಂದು ಎಲಿನರ್ ಆಸ್ಟ್ರಂ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಇವರೇ. 1965ರ ಅವರ ಪಿಎಚ್‌ಡಿ ಪ್ರಬಂಧದ ವಸ್ತುವೂ ಅಂತರ್ಜಲವೇ. ಲಾಸ್ ಏಂಜಲೀಸ್ ಬಳಿಯ ಬಾವಿಗಳನ್ನು ಎತ್ತಿ ಎತ್ತಿ ಸಮುದ್ರದ ಉಪ್ಪುನೀರು ಒಳನುಗ್ಗತೊಡಗಿದಾಗ ಅಲ್ಲಿಯ ನೀರು ಬಳಕೆದಾರರು ಹೇಗೆ ಒಂದಾದರು ಎಂಬ ಅಧ್ಯಯನ ಅದು.

ಮಾತಿಲ್ಲದ ಹಂತದಲ್ಲಿ ಕಾಣುವ ಒಂದು ಚಾಳಿಯನ್ನು ಗಮನಿಸಬೇಕು. ಮೊದಲ ವರ್ಷ ಮೂರ್ನಾಲ್ಕು ರಾಗಿ ಚೀಟಿ ಬರುತ್ತವೆ, ಮೂರನೇ ವರ್ಷದ ಹೊತ್ತಿಗೆ ಒಂದೊಂದೇ ಶುಂಠಿಗೆ ತಿರುಗುತ್ತವೆ. ಎಲ್ಲರೂ ಸ್ವಾರ್ಥಿಗಳು ಎಂದು ಇದನ್ನು ಓದಿದರೆ ತಪ್ಪು. 2001ರಲ್ಲಿ ಫಿಶ್‌ಬಾಖರ್, ಗೆಖ್ಟರ್ ಮತ್ತು ಫೇರ್ ಎಂಬ ಸಂಶೋಧಕರು 44 ವಿದ್ಯಾರ್ಥಿಗಳ ಮೇಲೆ ನಡೆಸಿದ, ಎಲ್ಲರೂ ಸೇರಿ ಒಂದು ಹುಂಡಿಗೆ ಹಣ ಹಾಕುವ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಜನ ‘ಬೇರೆಯವರು ಕೊಟ್ಟರೆ ನಾನೂ ಕೊಡುತ್ತೇನೆ’ ಎನ್ನುವವರು, ಮೂರರಲ್ಲೊಂದು ಪಾಲಿನಷ್ಟು ಜನ ಏನೇ ಆದರೂ ಕೊಡದವರು. ಅರ್ಧದಷ್ಟು ಜನ ಪಕ್ಕದವನನ್ನು ನೋಡಿ ನಡೆಯುವವರಾದಾಗ, ಒಂದು ಶುಂಠಿ ಚೀಟಿ ಕಂಡರೆ ಮುಂದಿನ ವರ್ಷ ಎರಡಾಗುತ್ತವೆ. ಅದಕ್ಕೇ ಚೀಟಿಯನ್ನು ಮಗುಚಿ ಇಡಿಸಬೇಕು. ಫಲಿತಾಂಶ ಹೇಳುವಾಗ ಹೆಸರು ಹೇಳದೆ ‘ಈ ವರ್ಷ ಎರಡು ಶುಂಠಿ’ ಎಂದಷ್ಟೇ ಸಾರಬೇಕು. ಹೆಸರು ಕೂಗಿದರೆ ಅದು ಆಟವಾಗಿ ಉಳಿಯದೆ ನ್ಯಾಯ ಪಂಚಾಯಿತಿಯಾಗುತ್ತದೆ. ಮೊದಲ ವರ್ಷವೇ ಐದಕ್ಕೆ ಐದೂ ರಾಗಿ ಬಂದರೆ ಸಂಶಯಪಡಿ. ಸಾಹೇಬರನ್ನು ಮೆಚ್ಚಿಸಲು ಇಟ್ಟ ಚೀಟಿಗಳು ಅವು. ಪಂಚಾಯಿತಿ ಸದಸ್ಯರು, ಕೃಷಿ ಇಲಾಖೆಯವರು ಆ ಕೋಣೆಯಲ್ಲಿ ಇರಬಾರದು. ಸುತ್ತ ನಿಂತು ‘ಹಾಕ್ಲಾ ಶುಂಠಿ’ ಎಂದು ಕೂಗುವವರನ್ನೂ ಹೊರಗೆ ಕಳಿಸಿ. ಎಷ್ಟು ವರ್ಷದ ಆಟ ಎಂದು ಹೇಳಿಬಿಡುವುದು ಮತ್ತೊಂದು ಮಾಮೂಲಿ ತಪ್ಪು. ಹತ್ತೇ ಎಂದು ಗೊತ್ತಾದರೆ ಒಂಬತ್ತನೇ ವರ್ಷದಿಂದಲೇ ಜಾಡಿ ಬಳಿಯುತ್ತಾರೆ.

ಮೂರನೇ ಹಂತದಲ್ಲಿ ಗುಂಪುಗಳು ಸಾಮಾನ್ಯವಾಗಿ ದಂಡಕ್ಕೆ ಕೈ ಹಾಕುತ್ತವೆ, ಸಾಮಾನ್ಯವಾಗಿ ತೀರಾ ಕಡಿಮೆ ಇಡುತ್ತವೆ. ಶುಂಠಿಯಿಂದ 3 ರೂಪಾಯಿ ಹೆಚ್ಚು ಬರುವಾಗ ದಂಡ 1 ರೂಪಾಯಿ ಆದರೆ ಅದು ದಂಡವಲ್ಲ, ಟಿಕೆಟ್ಟು. ಕಳ್ಳತನ ಸಿಕ್ಕಿಬೀಳುವುದನ್ನು ದಾಳದಿಂದ ತೀರ್ಮಾನಿಸಿ, 6 ಬಿದ್ದಾಗ ಮಾತ್ರ ತಪಾಸಣೆ ಎಂದಿಟ್ಟರೆ, ದಂಡ 18 ರೂಪಾಯಿ ದಾಟದ ಹೊರತು ಲೆಕ್ಕ ಗೊತ್ತಿರುವವನು ಹೆದರುವುದಿಲ್ಲ. ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವವರಿಗೆ ಸಣ್ಣ ದಂಡ ಹಾಕಿದಾಗ ತಡ ಮಾಡುವವರು ಹೆಚ್ಚಾದರು. 2000ದಲ್ಲಿ ಗ್ನೀಜಿ ಮತ್ತು ರುಸ್ತಿಚಿನಿ ಪ್ರಕಟಿಸಿದ ಅಧ್ಯಯನ ಅದು. ಅದೇ ವರ್ಷ ಕಾರ್ಡೆನಸ್ ಮತ್ತು ಸಂಗಡಿಗರು ಕೊಲಂಬಿಯಾದ ಹಳ್ಳಿಗರಲ್ಲಿ ಕಂಡದ್ದೂ ಇದಕ್ಕೆ ಹತ್ತಿರ. ಹೊರಗಿನವರು ಹೇರಿದ ಬಲವಿಲ್ಲದ ನಿಯಮಕ್ಕಿಂತ ತಮ್ಮತಮ್ಮಲ್ಲೇ ಮಾತಾಡಿಕೊಂಡ ಗುಂಪುಗಳು ಚೆನ್ನಾಗಿ ಆಡಿದವು. ಹಾಗಾಗಿ ದಂಡದ ಮೊತ್ತವನ್ನು ಆಡಿಸುವವರು ಸೂಚಿಸಲೇಬಾರದು.

ಆಟ ಯಾಕೆ, ಮನೆಮನೆಗೆ ಹೋಗಿ ‘ಅಂತರ್ಜಲ ಉಳಿಸಲು ವರ್ಷಕ್ಕೆ ಎಷ್ಟು ಕೊಡುತ್ತೀರಿ’ ಎಂದು ಕೇಳಿದರಾಗದೇ ಎನ್ನುವವರಿದ್ದಾರೆ. ಅದೂ ಒಂದು ಪದ್ಧತಿ. 1989ರಲ್ಲಿ ಅಮೆರಿಕದ ಅಲಾಸ್ಕಾ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ತೈಲ ಸೋರಿದ ನಂತರ, ಪರಿಸರದ ನಷ್ಟಕ್ಕೆ ಹೀಗೆ ಕೇಳಿ ಬೆಲೆ ಕಟ್ಟುವುದು ದೊಡ್ಡ ವಿವಾದವಾಗಿ, ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಇದ್ದ ಸಮಿತಿ 1993ರಲ್ಲಿ ಕಟ್ಟುನಿಟ್ಟಿನ ಸೂತ್ರಗಳನ್ನು ಕೊಟ್ಟಿತು. ‘ಎಷ್ಟು ಕೊಡುತ್ತೀರಿ’ ಎಂದಲ್ಲ, ‘ಇಷ್ಟು ಕೊಡುತ್ತೀರಾ, ಇಲ್ಲವಾ’ ಎಂದು ಕೇಳಿ ಎಂಬುದು ಅದರಲ್ಲೊಂದು. ಆದರೂ ಬಾಯಲ್ಲಿ ಕೊಡುವ ದುಡ್ಡು ಜೇಬಿನಿಂದ ಕೊಡುವುದಕ್ಕಿಂತ ಹೆಚ್ಚೇ ಇರುತ್ತದೆ. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾಗಿರುವ ರಾಜ್ಯದಲ್ಲಿ ನೀರಿಗೆ ಬೆಲೆ ಕೇಳಿದರೆ ಬರುವ ಉತ್ತರ ಇನ್ನಷ್ಟು ಹುಸಿ. ಕರೆಂಟು ಬಂದೊಡನೆ ಆಟೋ ಸ್ಟಾರ್ಟರ್ ತಾನೇ ಮೋಟಾರು ಓಡಿಸುತ್ತದೆ, ಇನ್ನೊಂದು ಗಂಟೆ ಎತ್ತಲೋ ಬೇಡವೋ ಎಂಬ ತೀರ್ಮಾನವನ್ನು ಯಾರೂ ಮಾಡುವುದೇ ಇಲ್ಲ. ಮದಗದ ಕೆರೆಯಂಥ ದೊಡ್ಡ ಕೆರೆಗೆ ತೂಬಿತ್ತು, ತೂಬು ಎತ್ತಲು ನೀರುಗಂಟಿ ಇದ್ದ, ನೀರು ಎಷ್ಟಿದೆ ಎಂಬುದು ಏರಿಯ ಮೇಲೆ ನಿಂತವರಿಗೆಲ್ಲ ಕಾಣುತ್ತಿತ್ತು. ಬೋರಿಗೆ ಈ ಮೂರೂ ಇಲ್ಲ. ಆಟದ ಗಾಜಿನ ಜಾಡಿ ಕೊಡುವುದು ಆ ಕಾಣುವ ಭಾಗವನ್ನು ಮಾತ್ರ.

ಆದ್ದರಿಂದ ಜಾಡಿಯ ಹಿಂದೆಯೇ ಪುಸ್ತಕ ಬರಬೇಕು, ಅದೇ ದಿನ. ಬೋರಿನೊಳಗೆ ಮೋಟಾರು, ಪೈಪು ಇರುವಾಗ ನೀರಿನ ಮಟ್ಟ ಅಳೆಯುವುದು ರಗಳೆ. ಡ್ರಮ್ಮಿನ ಲೆಕ್ಕ ಸಲೀಸು. ಮೋಟಾರು ಹಾಕಿ ಅರ್ಧ ಗಂಟೆ ಬಿಟ್ಟು, 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡಿ ಬರೆಯಬೇಕು. ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿಗೆ. ಹಾಕಿದ ತಕ್ಷಣ ಅಳೆದರೆ ರಾತ್ರಿ ನಿಂತ ನೀರೂ ಸೇರಿ ಲೆಕ್ಕ ಉಬ್ಬುತ್ತದೆ. 80 ಸೆಕೆಂಡು ಬಂದರೆ ಸೆಕೆಂಡಿಗೆ ಎರಡೂವರೆ ಲೀಟರು, ಗಂಟೆಗೆ 9,000, ಏಳು ಗಂಟೆ ತ್ರೀ ಫೇಸ್ ಬಂದರೆ ದಿನಕ್ಕೆ 63,000.

ಈ ಅಂಕಿಯ ಪಕ್ಕದಲ್ಲಿ ಮಳೆಯ ಅಂಕಿ ಬರೆಯಿರಿ. ಎಕರೆಗೆ 1 ಮಿಲಿಮೀಟರ್ ಮಳೆ ಎಂದರೆ ಸುಮಾರು 4,050 ಲೀಟರು. ವರ್ಷಕ್ಕೆ 600 ಮಿಲಿಮೀಟರ್ ಬಿದ್ದು, ಅದರಲ್ಲಿ ನೂರಕ್ಕೆ ಹತ್ತು ಭಾಗ ಕೆಳಗಿಳಿಯಿತು ಎಂದುಕೊಂಡರೆ ಎಕರೆಗೆ ಸುಮಾರು 2,43,000 ಲೀಟರು. ಮೇಲಿನ ಮೋಟಾರು ಅದನ್ನು ನಾಲ್ಕು ದಿನದೊಳಗೆ ಮುಗಿಸುತ್ತದೆ. ಐದೆಕರೆ ಇದ್ದವನಿಗೆ ಇಪ್ಪತ್ತು ದಿನವೂ ತುಂಬದು. ಜಾಡಿಗೆ ವರ್ಷಕ್ಕೆ ಐದೇ ಬೀಜ ಯಾಕೆ ಎಂದು ಕೇಳಿದವರಿಗೆ ಉತ್ತರ ಇದು. 2019ರ ಡಿಸೆಂಬರಿನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಡಿ ನೀರಿನ ಬಜೆಟ್ ಮಾಡಿರುವ ಪಂಚಾಯಿತಿಯಾದರೆ ಅಲ್ಲಿಯ ಅಂಕಿಗಳನ್ನೇ ತರಿಸಿ ಹಲಗೆಗೆ ಹಾಕಬಹುದು.

ಸಮಯದ ಲೆಕ್ಕ: ವಿವರಣೆಗೆ 20 ನಿಮಿಷ, ಮೂರು ಹಂತಕ್ಕೆ ಒಂದೂವರೆ ಗಂಟೆ, ಚರ್ಚೆಗೆ ಕನಿಷ್ಠ ಒಂದು ಗಂಟೆ. ಹೊತ್ತಾಯಿತೆಂದು ಚರ್ಚೆಗೆ ಕತ್ತರಿ ಹಾಕುವುದಾದರೆ ಆಟವನ್ನೇ ಇಟ್ಟುಕೊಳ್ಳಬೇಡಿ. ಬೀಜ 60 ಒಯ್ಯಿರಿ, ಹತ್ತು ಕಳೆದೇ ಹೋಗುತ್ತವೆ. ಜಾಡಿ ಗಾಜಿನದೇ ಆಗಬೇಕು, ಸ್ಟೀಲ್ ಡಬ್ಬಿಯಲ್ಲಿ ಇಳಿಯುವುದು ಕಾಣುವುದಿಲ್ಲ.

ಶಿವರಾತ್ರಿ ಕಳೆದು ಯುಗಾದಿಗೆ ಮುಂಚಿನ ವಾರಗಳು ಆಡಿಸಲು ಸರಿಯಾದ ಕಾಲ. ಬೋರುಗಳು ಇಳಿಯತೊಡಗಿರುತ್ತವೆ, ಯಾವ ಹೊಲಕ್ಕೆ ಏನು ಎಂಬುದು ಇನ್ನೂ ಪೂರ್ತಿ ತೀರ್ಮಾನವಾಗಿರುವುದಿಲ್ಲ. ಶುಂಠಿ ಬಿತ್ತನೆ ಗೆಡ್ಡೆಗೆ ಮುಂಗಡ ಕೊಟ್ಟು, ಜಮೀನು ಗುತ್ತಿಗೆ ಮಾತಾಡಿ, ಭರಣಿ ಮಳೆಗೆ ಕಾದು ಕೂತವರನ್ನು ಕರೆದು ಆಡಿಸಿದರೆ ಮರ್ಯಾದೆಗೆ ಆಡಿ, ಕಾಫಿ ಕುಡಿದು, ಎದ್ದು ಹೋಗಿ ಶುಂಠಿಯನ್ನೇ ನೆಡುತ್ತಾರೆ.